ಪದಗಳ ಸಂಬಂಧ ಕೇಳಿಕೊಂಡು ಹೋದಾಗ

ಕೆಲವರು ಎಲ್ಲಿಗೆ ಹೋದರೂ ಹಿಂದೆ ಒಂದು ಬೀದಿನಾಯಿ ಬರುತ್ತದೆ. ನನ್ನ ಹಿಂದೆ ಎಡವಟ್ಟು ಬರುತ್ತದೆ. ನಾನು ಕರೆದಿರುವುದಿಲ್ಲ, ಬಿಸ್ಕತ್ತು ಹಾಕಿರುವುದಿಲ್ಲ, ಆದರೂ ಬಾಲ ಅಲ್ಲಾಡಿಸಿಕೊಂಡು ಬಸ್ಸು ಹತ್ತಿರುತ್ತದೆ.

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಮನೆಯಲ್ಲಿ ಕೂತು ಸೀರಿಯಲ್ಲು ನೋಡಲು ಒಂದು ತಿಂಗಳು ಪ್ರಯತ್ನಪಟ್ಟೆ, ಆಗಲಿಲ್ಲ. ಅಷ್ಟರಲ್ಲಿ ಒಂದು ಪದಕೋಶದ ಕೆಲಸ ಬಂತು. ಕಸುಬುಗಳ ಪದಕೋಶ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ಕಡೆ ಜನ ಯಾವ ಕೆಲಸ ಹೇಗೆ ಮಾಡುತ್ತಾರೆ, ಅದರಲ್ಲಿ ಯಾವ ಹಂತಕ್ಕೆ ಏನೆನ್ನುತ್ತಾರೆ ಎಂದು ಕೇಳಿ ಬರೆದುಕೊಂಡು ಬರುವುದು ನನ್ನ ಪಾಲಿಗೆ ಬಂತು.

ಕೇಳಲಿಕ್ಕೆ ಸುಲಭ. ಆದರೆ ನಮ್ಮ ಸಂಪಾದಕರು ಸುಲಭವಾದದ್ದನ್ನು ಯಾರಿಗೂ ಕೊಟ್ಟವರಲ್ಲ. ಬೆಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲೇ ಓದಿ, ಸಂಸ್ಕೃತವನ್ನು ಕಾಫಿಯಂತೆ ಕುಡಿದವರು. "ಪದ, ಅದರ ಅರ್ಥ, ಇಷ್ಟು ಬರೆದರೆ ಅದು ನಿಘಂಟು. ನಮಗೆ ಬೇಕಾದ್ದು ಸಂಬಂಧ. ಒಂದು ಪದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಅಂತ ಗೊತ್ತಾದರೆ ಇಡೀ ಕೆಲಸವೇ ಕಣ್ಣಿಗೆ ಕಟ್ಟುತ್ತದೆ" ಎಂದು ಹೇಳಿ ಒಂದು ಫಾರಂ ಕೊಟ್ಟರು. ಅದರಲ್ಲಿ ಪ್ರತಿ ಪದಕ್ಕೂ ಪ್ರಶ್ನೆಗಳು. ಇದು ಯಾವುದರ ಬಗೆ? ಯಾವುದರ ಭಾಗ? ಇದಕ್ಕೆ ಮುಂಚೆ ಏನು? ಆಮೇಲೆ ಏನು? ಯಾವುದರಿಂದ ಮಾಡುತ್ತೀರಿ? ಯಾಕೆ ಹಾಗಾಗುತ್ತದೆ? ಉತ್ತರ ಬರೆದು ಕಳಿಸಿದರೆ ಕಂಪ್ಯೂಟರು ಅದನ್ನು ಚೌಕ ಮತ್ತು ಬಾಣಗಳ ಚಿತ್ರ ಮಾಡುತ್ತದೆ. ಚೌಕದಲ್ಲಿ ಪದ, ಬಾಣದ ಮೇಲೆ ಸಂಬಂಧ.

ಕಂಪ್ಯೂಟರಿಗೆ ಹಾಕಲು ನನ್ನ ಜೊತೆ ಒಬ್ಬ ಸಹೋದ್ಯೋಗಿ. ಸೋಲೂರು ಕಡೆಯವನು, ಇಪ್ಪತ್ತೊಂಬತ್ತು ವರ್ಷ, ಒಳ್ಳೆಯವನು. ಮಾತು ಮಾತ್ರ ಇಲ್ಲ. ಬೆಳಿಗ್ಗೆ "ನಮಸ್ತೆ ಮೇಡಂ" ಅಂದರೆ ಸಂಜೆ "ಬರ್ತೀನಿ ಮೇಡಂ". ಮಧ್ಯೆ ಏನಾದರೂ ಅಂದರೆ ಅದು ಲ್ಯಾಪ್‌ಟಾಪಿಗೆ.

ಜ್ವರ

ಮೊದಲ ಕೆಲಸವೇ ರೇಷ್ಮೆ. ರಾಮನಗರದ ಹತ್ತಿರದ ಒಂದು ಹಳ್ಳಿಯಲ್ಲಿ ಹುಳ ಸಾಕುವ ಮನೆಗೆ ಹೋದೆ. ಮನೆಯಾಕೆ ಚುರುಕು. ನಾನು ಒಂದು ಕೇಳಿದರೆ ನಾಲ್ಕು ಹೇಳಿದಳು. ಮೊಟ್ಟೆ ತರುತ್ತೇವೆ, ಒಡೆದು ಮರಿ ಬರುತ್ತದೆ, ಎಳೆಸೊಪ್ಪು ಹೆಚ್ಚಿ ಹಾಕುತ್ತೇವೆ. ಆಮೇಲೆ ಒಂದನೇ ಜ್ವರ, ಎರಡನೇ ಜ್ವರ, ಮೂರನೇ ಜ್ವರ, ನಾಲ್ಕನೇ ಜ್ವರ. ಆಮೇಲೆ ಹಣ್ಣು. ಆಮೇಲೆ ಗೂಡು. ಬರೆದೆ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ, ವಿವರಣೆ ಬೇಕಾದೀತೆಂದು ಹೊಳೆಯಲೇ ಇಲ್ಲ. ಚಿತ್ರ ಕಳಿಸಿದೆವು.

ಮಾರನೆಯ ದಿನ ಸಂಪಾದಕರ ಫೋನು.

"ಏನಮ್ಮಾ, ಇದು ಘೋರವಾಗಿದೆ."

"ಏನು ಸಾರ್?"

"ನಾಲ್ಕು ಸಲ ಜ್ವರ ಬರುವವರೆಗೆ ಸುಮ್ಮನಿದ್ದು ಆಮೇಲೆ ಹಣ್ಣು ಕೊಡುತ್ತಾರೆಯೇ? ಮೊದಲನೇ ಜ್ವರಕ್ಕೇ ಕೊಡಬಾರದೇ?"

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಹುಳ ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ, ಅದಕ್ಕೇ ಜ್ವರ ಅನ್ನುವುದು, ಕಾಯಿಲೆ ಅಲ್ಲ ಎಂದು ಹೇಳಿದೆ. ಹಣ್ಣು ಅಂದರೆ ಹುಳ ಮಾಗಿ, ಗೂಡು ಕಟ್ಟಲು ಸಿದ್ಧವಾಗುವುದು ಎಂದೂ ಹೇಳಿದೆ. ಅವರು ನಂಬಲಿಲ್ಲ. "ಜ್ವರವನ್ನು ನಾನು ರೋಗದ ಬಗೆ ಅಂತ ಹಾಕಿಬಿಟ್ಟಿದ್ದೇನೆ. ತೆಗೆಯಬೇಕಾದರೆ ಕಣ್ಣಾರೆ ನೋಡಬೇಕು" ಎಂದು ರೈಲು ಹತ್ತಿ ಬಂದೇಬಿಟ್ಟರು.

ಬಂದದ್ದು ಹೇಗೆ? ಮೂಗು ಬಾಯಿಗೆ ಮಾಸ್ಕು, ಕೈಗೆ ಗ್ಲೌಸು, ಜೇಬಿನಲ್ಲಿ ಸ್ಯಾನಿಟೈಸರು. ಒಳಗೊಳಗೆ ಅವರಿಗೆ ಇನ್ನೂ ಅಂಟುಜ್ವರದ ಭಯ. ನನಗೆ ನಾಚಿಕೆಯಾಯಿತು, ಮನೆಯಾಕೆ ಏನಂದುಕೊಳ್ಳುತ್ತಾಳೋ ಎಂದು. ಅವಳು ನೋಡಿದವಳೇ ಕೈ ಮುಗಿದಳು.

"ನೋಡಿ ಮೇಡಮ್ಮೋರೆ, ಹುಳದ ಮನೆಗೆ ಹೆಂಗೆ ಬರ್ಬೇಕು ಅಂತ ಈ ಸಾರ್‌ಗೆ ಗೊತ್ತೈತೆ. ನೀವು ಮಲ್ಲಿಗೆ ಮುಡ್ಕಂಡು, ಪೌಡ್ರು ಬಳ್ಕಂಡು ಬಂದಿದ್ದೀರ. ವಾಸನೆ ಆಗಾಕಿಲ್ಲ ಅವಕ್ಕೆ. ನೀವು ಆಚೆಗೇ ಕುಂತ್ಕಳಿ."

ನಾನು ಜಗಲಿಯ ಮೇಲೆ ಕುಳಿತೆ. ಸಂಪಾದಕರು ನನ್ನ ಕಡೆ ಒಂದು ನೋಟ ಬೀರಿ ಒಳಗೆ ಹೋದರು. ಬಾಗಿಲಿನಿಂದ ಮಾತು ಕೇಳಿಸುತ್ತಿತ್ತು.

"ಜ್ವರದಲ್ಲಿ ಏನು ಕೊಡುತ್ತೀರಮ್ಮ?"

"ಏನೂ ಕೊಡಾಕಿಲ್ಲ ಸಾ. ಸೊಪ್ಪು ನಿಲ್ಲಿಸ್ಬುಡ್ತೀವಿ. ತಾವೇ ಪೊರೆ ಬುಟ್ಟು ಏಳ್ತವೆ."

"ಎದ್ದ ಮೇಲೆ?"

"ಹೊಸ ಚರ್ಮ, ಹೊಸ ಹಸಿವು. ಒಂದೊಂದು ಜ್ವರ ಕಳೆದಂಗೂ ದೊಡ್ಡವಾಯ್ತವೆ. ನಾಕು ಜ್ವರ ಮುಗುದ್ಮೇಲೆ ಒಂದು ವಾರ ಹೊಟ್ಟೆ ಬಿರಿಯಂಗೆ ಮೇಯ್ತವೆ, ಆಮೇಲೆ ಮೇವು ಬುಟ್ಟು ಹಣ್ಣಾಯ್ತವೆ."

ಸಂಪಾದಕರಿಗೆ ಸಂತೋಷವೋ ಸಂತೋಷ. ಮಾಸ್ಕು ಕೆಳಗಿಳಿಸಿ ಹೊರಗೆ ಬಂದರು. "ಅಮ್ಮಾ, ಇದು ರೋಗವಲ್ಲ, ವಯಸ್ಸು!" ಎಂದರು.

ಅವರ ಬೆಳ್ಳಗಿನ ತಲೆಗೂದಲನ್ನು ಮನೆಯಾಕೆ ಒಮ್ಮೆ ನೋಡಿದಳು. "ಸಾರ್‌ಗೆ ಎಷ್ಟು ವಯಸ್ಸು?"

"ಅರವತ್ತೆಂಟು."

"ಹಂಗಾರೆ ನಾಕೂ ಜ್ವರ ಮುಗುದು ಹಣ್ಣಾಗವ್ರೆ" ಎಂದಳು ಆಕೆ ನನ್ನ ಕಡೆ ತಿರುಗಿ, "ಇನ್ನೇನಿದ್ರೂ ಗೂಡು ಕಟ್ಟಾದೊಂದೇ."

ಇದಕ್ಕೆ ಮುಂಚೆ ಏನು?

ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವ ಒಬ್ಬ ಹಿರಿಯರಿದ್ದರು. ಐವತ್ತು ವರ್ಷದ ಕೈ. ಲೇತಿನ ಮುಂದೆ ಕುಳಿತರೆ ಅವರ ಕಣ್ಣಿಗೆ ಬೇರೇನೂ ಕಾಣದು. ಬೊಂಬೆಗೆ ಹೊಳಪು ಕೊಡುವ ಕೊನೆಯ ಹಂತದಿಂದ ಹಿಂದಕ್ಕೆ ಹೋಗೋಣ ಎಂದು ನಾನು ಲೆಕ್ಕ ಹಾಕಿದೆ. ಅದೇ ತಪ್ಪಾಯಿತು.

"ಕೇದಗೆ ಗರಿಯಲ್ಲಿ ಉಜ್ಜಿ ಹೊಳಪು ಕೊಡೋದಕ್ಕೆ ಮುಂಚೆ ಏನು ಮಾಡ್ತೀರಿ?"

"ಅರಗಿನ ಬಣ್ಣ ಒತ್ತೀನಿ."

"ಅದಕ್ಕೆ ಮುಂಚೆ?"

"ಮರ ತಿರುಗಿಸಿ ಉಳಿ ಕೊಟ್ಟು ಆಕಾರ ತರ್ತೀನಿ."

"ಅದಕ್ಕೆ ಮುಂಚೆ?"

"ತುಂಡು ಕೊಯ್ಕೋತೀನಿ. ಅದಕ್ಕೂ ಮುಂಚೆ ಒಣಗಿಸ್ತೀನಿ, ತಿಂಗಳುಗಟ್ಲೆ. ಹಾಲೆ ಮರ ಹಸೀದ್ರಲ್ಲಿ ಮಾಡಿದ್ರೆ ಬೊಂಬೆ ಸೀಳು ಬಿಟ್ಕೊಳ್ತದೆ."

"ಅದಕ್ಕೆ ಮುಂಚೆ?"

"ಮರ ತರ್ತೀನಿ."

"ಅದಕ್ಕೆ ಮುಂಚೆ?"

ಅವರು ಲೇತು ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿದರು. ಬೆಳಿಗ್ಗೆಯಿಂದ ಒಂದು ಬೊಂಬೆಯೂ ಮುಗಿದಿರಲಿಲ್ಲ, ಯಾರೋ ಆರ್ಡರು ಕೊಟ್ಟವರು ಮಧ್ಯಾಹ್ನ ಬರುವವರಿದ್ದರು. ನನಗೆ ಅದು ಗೊತ್ತಿರಲಿಲ್ಲ.

"ಅದಕ್ಕೆ ಮುಂಚೆ ಟೀ ಕುಡೀತೀನಿ ಅಮ್ಮಾ" ಎಂದರು. "ಇವತ್ತು ಅದೂ ಆಗಿಲ್ಲ."

ನಾನು ತಲೆ ಚಚ್ಚಿಕೊಂಡು ಓಡಿಹೋಗಿ ಮೂಲೆಯ ಅಂಗಡಿಯಿಂದ ಟೀ ತಂದುಕೊಟ್ಟೆ. ಮಧ್ಯಾಹ್ನದವರೆಗೆ ಬಾಯಿ ಮುಚ್ಚಿಕೊಂಡು ಅವರ ಬೊಂಬೆಗಳಿಗೆ ಕೇದಗೆ ಗರಿ ಎತ್ತಿಕೊಟ್ಟೆ. ಆರ್ಡರು ಮುಗಿಯಿತು. ಹೋಗುವಾಗ ನನ್ನ ಕೈಗೆ ಒಂದು ಪುಟ್ಟ ಹಸಿರು ಗಿಳಿ ಇಟ್ಟು, "ಸುಮ್ನಿದ್ರೆ ಚೆನ್ನಾಗಿ ಕೆಲ್ಸ ಮಾಡ್ತೀರ" ಎಂದರು.

ಸಂಜೆ ಫಾರಂ ತುಂಬುವಾಗ ತಮಾಷೆಗೆ ಮೊದಲ ಚೌಕದಲ್ಲಿ "ಟೀ" ಎಂದು ಬರೆದಿದ್ದೆ. ಅಳಿಸಲು ಮರೆತೆ. ನನ್ನ ಸಹೋದ್ಯೋಗಿ ಕೇಳುವವನಲ್ಲವಲ್ಲ, ಹಾಗೆಯೇ ಕಂಪ್ಯೂಟರಿಗೆ ಹಾಕಿದ. ಅದು ಪರಿಶೀಲನೆಯ ಸಭೆಗೆ ಹೋಯಿತು. ಅಲ್ಲಿ ನಾಲ್ಕು ಜನ ವಿದ್ವಾಂಸರು ಮುಕ್ಕಾಲು ಗಂಟೆ ಚರ್ಚೆ ಮಾಡಿದರಂತೆ. ಬೊಂಬೆ ಕೆಲಸದ ಆರಂಭದಲ್ಲಿ ದ್ರವಸೇವನೆಯ ಒಂದು ವಿಧಿ ಇದೆ, ಇದು ಬಹಳ ಹಳೆಯ ಆಚರಣೆ ಇರಬೇಕು, ಇಂಗ್ಲಿಷ್ ಪದ ಬೇಡ ಎಂದು ತೀರ್ಮಾನವಾಯಿತು.

ಮುದ್ರಣದ ಕರಡು ನನ್ನ ಕೈಗೆ ಬಂದಾಗ ಮೊದಲ ಚೌಕದಲ್ಲಿ ದಪ್ಪಕ್ಷರದಲ್ಲಿತ್ತು: "ಪೂರ್ವಪಾನ."

ಅದನ್ನು ಆ ಹಿರಿಯರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ಆಮೇಲೆ ಮೂಲೆಯಂಗಡಿಯವನ ಕಡೆಗೆ ಕೂಗಿದರು. "ಲೇ, ಎರಡು ಪೂರ್ವಪಾನ ಕೊಡ್ಲಾ, ಸಕ್ರೆ ಕಮ್ಮಿ!"

ಹಿಟ್ಟು ಮತ್ತು ಹಿಟ್ಟು

ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ರಾಗಿ. ಹೊಲದಿಂದ ತಟ್ಟೆಯವರೆಗೆ ಪೂರ್ತಿ ಬರೆಯಬೇಕೆಂದು ಆದೇಶ. ಬಿತ್ತನೆ, ಕಳೆ, ಕುಯ್ಲು, ಕಣ, ಎಲ್ಲ ಮುಗಿದು ಅಡುಗೆಮನೆಗೆ ಬಂದೆವು. ಆ ಮನೆಯ ಯಜಮಾನಿ, ನನ್ನ ವಾರಿಗೆಯವಳೇ, ಒಲೆಯ ಮುಂದೆ ನಿಂತು ಹೇಳಿದಳು: "ಎಸರಿಗೆ ಹಿಟ್ಟು ಹಾಕ್ಬುಟ್ಟು, ಕೋಲಲ್ಲಿ ತೊಳಸಿದ್ರೆ ಹಿಟ್ಟಾಯ್ತದೆ. ಹಿಟ್ಟುಂಡು ಕೆಲ್ಸಕ್ಕೆ ಹೋಗಾದು."

ನಮ್ಮಲ್ಲಿ ರಾಗಿಯ ಪುಡಿಯೂ ಹಿಟ್ಟೇ, ಮುದ್ದೆಯೂ ಹಿಟ್ಟೇ. ಯಾರಿಗೂ ಇದರಿಂದ ಇದುವರೆಗೆ ಹೊಟ್ಟೆನೋವು ಬಂದಿಲ್ಲ. ಕಂಪ್ಯೂಟರಿಗೆ ಬಂತು. ಹಿಟ್ಟಿನಿಂದ ಏನಾಗುತ್ತದೆ ಎಂಬ ಚೌಕದಲ್ಲಿ ಹಿಟ್ಟು ಎಂದು ಹಾಕಿದ ತಕ್ಷಣ ಕೆಂಪು ಅಕ್ಷರ ಬಂದು ನಿಂತಿತು. ನನ್ನ ಸಹೋದ್ಯೋಗಿ ಮೂರು ಸಲ ಹಾಕಿದ, ಮೂರು ಸಲವೂ ಕೆಂಪು. ಲ್ಯಾಪ್‌ಟಾಪನ್ನು ಮೆಲ್ಲಗೆ ನನ್ನ ಕಡೆ ತಿರುಗಿಸಿ ಕುಳಿತ. ಅವನ ಪ್ರಕಾರ ಅದು ದೂರು.

ಆ ತಂತ್ರಾಂಶ ಮಾಡಿಕೊಟ್ಟ ಕಂಪನಿಗೆ ಫೋನು ಮಾಡಿದೆ. ಎತ್ತಿದ ಹುಡುಗಿ ಬಹಳ ವಿನಯದಿಂದ ಮಾತಾಡಿದಳು.

"ಮೇಡಂ, ಎ ಇಂದ ಎ ಆಗಲ್ಲ. ಹಾಕಿದ್ದೂ ಅದೇ, ಬಂದಿದ್ದೂ ಅದೇ ಅಂದರೆ ಅಲ್ಲಿ ಯಾವ ಕೆಲಸವೂ ನಡೆದಿಲ್ಲ ಅಂತ ಅರ್ಥ."

ಸ್ಪೀಕರಿನಲ್ಲಿಟ್ಟಿದ್ದೆ. ಯಜಮಾನಿ ಹಿಟ್ಟು ತೊಳಸುತ್ತಿದ್ದಳು. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಎರಡು ಕಾಲಲ್ಲಿ ಪಾತ್ರೆ ಒತ್ತಿಹಿಡಿದು ಕೋಲು ತಿರುಗಿಸುತ್ತಿದ್ದವಳ ಕಿವಿಗೆ "ಯಾವ ಕೆಲಸವೂ ನಡೆದಿಲ್ಲ" ಎನ್ನುವ ಮಾತು ಬಿತ್ತು.

"ಯಾರು ತಾಯಿ ಅದು?" ಎಂದಳು. "ಮೂವತ್ತೈದು ವರ್ಸದಿಂದ ಎರಡು ಹೊತ್ತು ತೊಳಸ್ತಾ ಇವ್ನಿ. ನನ್ನ ರಟ್ಟೆ ಕೇಳಿದ್ರೆ ಹೇಳ್ತದೆ ಕೆಲ್ಸ ನಡೆದದೋ ಇಲ್ವೋ."

ಆ ಹುಡುಗಿ ಗಾಬರಿಯಾಗಿ, "ಹಾಗಲ್ಲ ಅಮ್ಮಾ, ಎರಡಕ್ಕೂ ವ್ಯತ್ಯಾಸ ಏನು ಅಂತ ಹೇಳಿ, ನಾನು ಬೇರೆ ಬೇರೆ ಮಾಡಿಕೊಡ್ತೀನಿ" ಎಂದಳು.

ಯಜಮಾನಿ ಕೋಲು ನಿಲ್ಲಿಸಲಿಲ್ಲ. "ಮೊದಲ್ನೇ ಹಿಟ್ಟು ಬಾಯಿಗಾಕಂಡ್ರೆ ಕೆಮ್ಮು ಬತ್ತದೆ. ಎರಡ್ನೇ ಹಿಟ್ಟು ಬಾಯಿಗಾಕಂಡ್ರೆ ನಿದ್ದೆ ಬತ್ತದೆ. ಬರ್ಕೋ."

ಆ ಕಡೆಯಿಂದ ಕೀಲಿಮಣೆಯ ಸದ್ದು ಕೇಳಿಸಿತು. ಇವತ್ತಿಗೂ ನಮ್ಮ ಕಂಪ್ಯೂಟರಿನಲ್ಲಿ ಹಿಟ್ಟು ಎರಡಿವೆ. ಒಂದರ ಪಕ್ಕ ಕಂಸದಲ್ಲಿ "ಕೆಮ್ಮು" ಎಂದಿದೆ, ಇನ್ನೊಂದರ ಪಕ್ಕ "ನಿದ್ದೆ".

ಒಸಿ

ಇದು ಚಿಕ್ಕದು. ಸೋಲೂರಿನ ಒಂದು ಮನೆಯಲ್ಲಿ ಅತ್ತೆ ಸೊಸೆ ಬೆಣ್ಣೆ ಕಾಯಿಸಿ ತುಪ್ಪ ಮಾಡುವುದನ್ನು ಹೇಳುತ್ತಿದ್ದರು. ಒಸಿ ಉರಿ, ಒಂಚೂರು ಉಪ್ಪು, ಒಂದೀಟು ವೀಳ್ಯದೆಲೆ. ನಮ್ಮ ಕಡೆ ಮೂರಕ್ಕೂ ಸ್ವಲ್ಪ ಎಂದೇ ಅರ್ಥ, ಆದರೆ ಅಳತೆಗಳ ನಡುವಿನ ಸಂಬಂಧ ಬರೆಯಬೇಕೆಂದು ಫಾರಂನಲ್ಲಿತ್ತು. ಎಷ್ಟು ಒಸಿ ಸೇರಿದರೆ ಒಂದೀಟು?

ಅತ್ತೆ ಒಳಗೆ ವೀಳ್ಯದೆಲೆ ತರಲು ಹೋದಾಗ ಸೊಸೆಯನ್ನು ಕೇಳಿದೆ. ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಮ್ಮನೇಲಿ ಅನ್ನಕ್ಕೆ ತುಪ್ಪ ಬುಟ್ಕೊಳಾಗ ಅತ್ತೆ ಎದ್ರುಗಿದ್ರೆ ಒಸಿ. ಅತ್ತೆ ಡೈರಿಗೆ ಹೋಗಿದ್ರೆ ಒಂದೀಟು."

ಒಳಗಿನಿಂದ ಉತ್ತರ ಬಂತು. "ಗೊತ್ತಾಯ್ತು ಬುಡು, ಡಬ್ಬಿ ಯಾಕೆ ವಾರಕ್ಕೇ ತಳ ಕಾಣ್ತದೆ ಅಂತ!"

ಒಂದು ಒದೆ

ಹಾರೋಹಳ್ಳಿಯ ಒಂದು ಫ್ಯಾಕ್ಟರಿಯವರು ನಮ್ಮ ಕೆಲಸದ ಬಗ್ಗೆ ಕೇಳಿ ಕರೆಸಿಕೊಂಡರು. ರಟ್ಟಿನ ಡಬ್ಬಿ ಮಾಡುವ ಕಂಪನಿ. ಕೆಲಸ ನಡೆಯುವ ಕ್ರಮವನ್ನು ಕನ್ನಡದಲ್ಲಿ ಗೋಡೆಗೆ ಹಾಕಬೇಕು, ಹೊರಗಿನಿಂದ ತಪಾಸಣೆಗೆ ಬರುವವರು ನೋಡುತ್ತಾರೆ ಎಂದರು ಮ್ಯಾನೇಜರು. ಇದರ ಮೇಲೆ ಅವರಿಗೆ ಒಂದು ದೊಡ್ಡ ಆರ್ಡರು ಸಿಗುವುದಿತ್ತು. ಆದ್ದರಿಂದ ನಾನೂ ಬಹಳ ಶ್ರದ್ಧೆಯಿಂದ ಮಾಡಿದೆ. ಅಂಟು ಹಚ್ಚುವ ಮಿಷನ್ನಿನ ಹತ್ತಿರ ಕನಕಪುರದಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹಳೆಯ ಆಪರೇಟರು ಇದ್ದ. ಎಲ್ಲರೂ ಅವನನ್ನೇ ಕೇಳಿ ಎಂದರು.

"ಮಿಷನ್ನು ನಿಲ್ಲೋದು ಯಾಕೆ?" ಎಂದು ಕೇಳಿದೆ.

"ಅಂಟು ಗಟ್ಟಿಯಾದ್ರೆ ನಿಲ್ತದೆ. ರಟ್ಟು ಸೊಟ್ಟ ಬಂದ್ರೆ ನಿಲ್ತದೆ. ಕೆಲವು ಸಾರಿ ಸುಮ್‌ಸುಮ್ನೆ ನಿಲ್ತದೆ."

"ಸುಮ್ಮನೆ ನಿಂತಾಗ ಏನು ಮಾಡ್ತೀರಿ?"

"ಎಡಗಡೆ, ಕೆಳಗೆ, ಅಲ್ಲಿ ಬಣ್ಣ ಹೋಗೈತಲ್ಲ, ಅಲ್ಲಿಗೆ ಬಲಗಾಲಲ್ಲಿ ಒಂದು ಒದೀತೀನಿ. ಎದ್ಬುಡ್ತದೆ."

ಕೇಳಿದ್ದನ್ನು ಕೇಳಿದ ಹಾಗೆ ಬರೆಯುವುದು ನಮ್ಮ ನಿಯಮ. ಬರೆದೆ. ಇದಕ್ಕೆ ಮುಂಚೆ: ಮಿಷನ್ ನಿಲ್ಲುವುದು. ಯಾವುದರಿಂದ: ಬಲಗಾಲು. ಆಮೇಲೆ: ಮಿಷನ್ ನಡೆಯುವುದು. ಇದನ್ನು ಸಂಪಾದಕರು ತಿದ್ದುವಾಗ ತೆಗೆಯುತ್ತಾರೆಂದು ನನ್ನ ನಂಬಿಕೆ. ಅವರು ತೆಗೆಯಲಿಲ್ಲ, ತಿದ್ದಿದರು. ಗೋಡೆಯ ಮೇಲೆ ಬಣ್ಣದ ಬೋರ್ಡು ಬಂದಾಗ ಏಳನೇ ಚೌಕದಲ್ಲಿ "ಪಾದಾಘಾತ" ಎಂದಿತ್ತು. ಮ್ಯಾನೇಜರು ಅದನ್ನು ಯಾವುದೋ ದೊಡ್ಡ ತಾಂತ್ರಿಕ ಪದವೆಂದು ತಿಳಿದು ಹಾಗೇ ಹಾಕಿಸಿದ್ದರು.

ತಪಾಸಣೆಗೆ ಬಂದಾತ ಬಹಳ ಶಿಸ್ತಿನ ಮನುಷ್ಯ. ಕೈಯಲ್ಲಿ ಪಟ್ಟಿ ಹಿಡಿದು ಒಂದೊಂದೇ ಚೌಕ ಓದುತ್ತಾ, ಕೆಲಸದವರಿಗೆ "ಮಾಡಿ ತೋರಿಸಿ" ಎನ್ನುತ್ತಾ ಬಂದ. ಏಳನೆಯದಕ್ಕೆ ಬಂದಾಗ, ಅವತ್ತು ನನ್ನನ್ನೂ ಕರೆಸಿದ್ದರಿಂದ, ನಾನು ಮ್ಯಾನೇಜರ ಬೆನ್ನ ಹಿಂದೆ ಸರಿದುಕೊಂಡೆ. ಬೇಕೆಂದೇ ಮಾಡಿದ ಹಾಗೆ ಮಿಷನ್ನು ಅದೇ ಹೊತ್ತಿಗೆ ನಿಂತಿತು.

"ಪಾದಾಘಾತ ಮಾಡಿ ತೋರಿಸಿ" ಎಂದ ಆತ.

ಆಪರೇಟರು ಬೋರ್ಡು ನೋಡಿದ, ಮ್ಯಾನೇಜರನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಪ್ಯಾಂಟು ಸ್ವಲ್ಪ ಮೇಲೆತ್ತಿ ಫಟಾರನೆ ಒಂದು ಒದ್ದ. ಮಿಷನ್ನು ಗೊರಗೊರ ಎಂದು ಹೊರಟಿತು. ಮ್ಯಾನೇಜರು ಕಣ್ಣು ಮುಚ್ಚಿಕೊಂಡಿದ್ದರು.

ತಪಾಸಣೆಯಾತ ಎರಡು ನಿಮಿಷ ಏನನ್ನೋ ಬರೆದುಕೊಂಡ. ಬೋರ್ಡಿನಲ್ಲಿ ಏನಿದೆಯೋ ನೆಲದ ಮೇಲೂ ಅದೇ ನಡೆಯುವ ಫ್ಯಾಕ್ಟರಿಯನ್ನು ತಾನು ನೋಡಿದ್ದು ಇದೇ ಮೊದಲು ಎಂದು ಹೊಗಳಿದ. ಆರ್ಡರು ಸಿಕ್ಕಿತು. ಒಂದೇ ಒಂದು ಕೊರತೆ ಎತ್ತಿ ತೋರಿಸಿದ್ದ: "ಪಾದಾಘಾತ ಬಲ್ಲವರು ಒಬ್ಬರೇ ಇದ್ದಾರೆ. ಅವರು ರಜಾ ಹಾಕಿದ ದಿನಕ್ಕೆ ಇನ್ನಿಬ್ಬರಿಗೆ ತರಬೇತಿ ಕೊಡತಕ್ಕದ್ದು."

ಸಂಬಂಧ

ಕನಕಪುರದ ಆಚೆ ಒಂದು ಹಳ್ಳಿಯಲ್ಲಿ ಕುರಿ ಸಾಕುವ ಮನೆಯವರಿದ್ದಾರೆ, ಉಣ್ಣೆ ಕತ್ತರಿಸುವುದರಿಂದ ಕಂಬಳಿಯವರೆಗೆ ಅವರ ಮನೆಯ ಅಜ್ಜಿಗೆ ಎಲ್ಲ ಗೊತ್ತು ಎಂದು ಅಲ್ಲಿನ ಡೈರಿಯ ಸೆಕ್ರೆಟರಿ ನಂಬರು ಕೊಟ್ಟರು. ಆ ಮನೆಯ ಯಜಮಾನರಿಗೆ ಫೋನು ಮಾಡಿದೆ. ಸಿಗ್ನಲ್ಲು ಕಡಿದು ಕಡಿದು ಬರುತ್ತಿತ್ತು.

"ನಿಮ್ಮ ಹತ್ತಿರ ಸಂಬಂಧದ ವಿಷಯ ಮಾತಾಡಬೇಕಿತ್ತು. ಭಾನುವಾರ ಬರಬಹುದಾ?"

ಆ ಕಡೆಯ ದನಿಯೇ ಬದಲಾಯಿತು. "ಅಯ್ಯೋ, ಬನ್ನಿ ಬನ್ನಿ ಅಮ್ಮೋರೆ. ಯಾರ್ಯಾರು ಬತ್ತೀರ?"

"ನಾನು, ನಮ್ಮ ಹುಡುಗ, ಇಬ್ಬರೇ."

"ಹುಡುಗನೂ ಬತ್ತಾನಾ? ಒಳ್ಳೇದಾಯ್ತು. ಏನ್ ಕೆಲ್ಸ?"

"ಕಂಪ್ಯೂಟರ್ ಕೆಲಸ."

"ಪರ್ಮನೆಂಟಾ?"

ಇದನ್ನೇಕೆ ಕೇಳುತ್ತಾರೆ ಎಂದು ನನಗೆ ಅನಿಸಿದ್ದು ನಿಜ. ಆದರೆ ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕುಳಿತವರೂ ಇದನ್ನು ಕೇಳುತ್ತಾರೆ. "ಸದ್ಯಕ್ಕೆ ಇದೆ" ಎಂದೆ.

ಭಾನುವಾರ ಹೋದರೆ ಅಂಗಳಕ್ಕೆ ಸಾರಿಸಿ ರಂಗೋಲಿ ಹಾಕಿದೆ. ಬಾಗಿಲಿಗೆ ಮಾವಿನೆಲೆ. ಕುರಿಗಳನ್ನೆಲ್ಲ ಹಟ್ಟಿಯ ಹಿಂದೆ ಕಟ್ಟಿ ಮುಂದೆ ಪ್ಲಾಸ್ಟಿಕ್ ಕುರ್ಚಿಗಳು. ಕುರ್ಚಿಗಳ ಮೇಲೆ ಎಂಟು ಹತ್ತು ಜನ ಬಿಳೀ ಪಂಚೆಯವರು. ಪದಕೋಶಕ್ಕೆ ಇಷ್ಟು ಗೌರವ ಕೊಡುವ ಊರು ಇದೊಂದೇ ಎಂದು ನನ್ನ ಕಣ್ಣು ತುಂಬಿಬಂತು. ಖಾರಾಬಾತು, ಕೇಸರಿಬಾತು ಬಂದವು. ಅಜ್ಜಿ ಬಂದು ನನ್ನ ಪಕ್ಕದಲ್ಲೇ ಕುಳಿತು, ನನ್ನ ಕೈ ಹಿಡಿದು, ನನ್ನ ಸಹೋದ್ಯೋಗಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಮಾತು ಒಸಿ ಕಮ್ಮಿನಾ?"

"ಇಲ್ಲವೇ ಇಲ್ಲ ಅನ್ನಿ" ಎಂದೆ.

"ಒಳ್ಳೇದೇ ಬುಡು."

ನಾನು ಫಾರಂ ತೆಗೆದೆ. ಪೆನ್ನು ಹಿಡಿದು ಗಂಭೀರವಾಗಿ ಯಜಮಾನರನ್ನು ಕೇಳಿದೆ: "ಸರಿ, ಶುರು ಮಾಡೋಣ. ಇದಕ್ಕೆ ಮುಂಚೆ ಏನು?"

ಯಜಮಾನರು ಮುಖ ಸಣ್ಣ ಮಾಡಿಕೊಂಡರು. "ಮುಚ್ಚಿಡೋದೇನು ಬಂತು ಅಮ್ಮೋರೆ. ಇದಕ್ಕೆ ಮುಂಚೆ ಎರಡು ಬಂದಿದ್ವು. ಒಂದು ಜಾತಕ ಕೂಡಲಿಲ್ಲ. ಇನ್ನೊಂದು ನಮ್ಮ ಹುಡುಗೀನೇ ಬ್ಯಾಡ ಅಂದ್ಬುಟ್ಳು."

ನಾನು "ಎರಡು" ಎಂದು ಬರೆದುಕೊಂಡೆ. ಬರೆದ ಮೇಲೆ ಪೆನ್ನು ನಿಂತಿತು.

ಅಷ್ಟರಲ್ಲಿ ರೇಷ್ಮೆ ಸೀರೆಯುಟ್ಟ ಹುಡುಗಿ ಕಾಫಿ ತಟ್ಟೆ ಹಿಡಿದು ಬಂದಳು. ಊರಿನ ಕುರಿಗಳಿಗೆ ಲಸಿಕೆ ಹಾಕಿಸುವ, ಔಷಧಿ ಕುಡಿಸುವ ಕೆಲಸ ಅವಳದು ಎಂದು ಆಮೇಲೆ ತಿಳಿಯಿತು. ಕಾಫಿ ಕೊಡುತ್ತಾ ನನ್ನ ಫಾರಂ ಕಡೆ ಕಣ್ಣು ಹಾಯಿಸಿದಳು. ಮೇಲ್ಗಡೆ "ಉಣ್ಣೆ ಕತ್ತರಿಸುವಿಕೆ: ಪರಿಕಲ್ಪನೆಗಳ ಸಂಬಂಧ" ಎಂದು ಅಚ್ಚಾಗಿತ್ತು. ಅವಳು ಒಮ್ಮೆ ಓದಿದಳು. ಇನ್ನೊಮ್ಮೆ ಓದಿದಳು. ಕಾಫಿ ತಟ್ಟೆ ನಡುಗತೊಡಗಿತು. ನಾಚಿಕೆ ಎಂದುಕೊಂಡರು ಪಂಚೆಯವರು. ಅವಳು ನಗು ತಡೆಯಲಾರದೆ ಒದ್ದಾಡುತ್ತಿದ್ದಳು.

"ಅಪ್ಪಾ" ಎಂದಳು, "ಇವ್ರು ನನ್ನ ನೋಡಾಕೆ ಬಂದಿಲ್ಲ. ಕುರಿ ಉಣ್ಣೆ ನೋಡಾಕೆ ಬಂದವ್ರೆ."

ಹಟ್ಟಿಯ ಹಿಂದೆ ಒಂದು ಕುರಿ ಮಾತ್ರ ಬ್ಯಾ ಎಂದಿತು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಎದ್ದು ಕೈ ಮುಗಿದೆ. ಪದಕೋಶ, ಪದಗಳು, ಒಂದು ಪದಕ್ಕೂ ಇನ್ನೊಂದು ಪದಕ್ಕೂ ಇರುವ ಸಂಬಂಧ ಎಂದು ತೊದಲುತ್ತಾ ಎಲ್ಲ ಹೇಳಿದೆ. ತಪ್ಪಾಯಿತು, ನಿಮ್ಮ ಮನೆಯ ಹೆಣ್ಣುಮಗಳ ವಿಷಯದಲ್ಲಿ ಹೀಗಾಗಬಾರದಿತ್ತು ಎಂದೆ. ಪಂಚೆಯವರಲ್ಲಿ ಒಬ್ಬರಿಗೆ ಕೋಪ ಬಂದು ಕುರ್ಚಿ ಹಿಂದಕ್ಕೆ ತಳ್ಳಿದರು. ಯಜಮಾನರ ಮುಖ ಕಪ್ಪಿಟ್ಟಿತು. ಬೆಳಿಗ್ಗೆಯಿಂದ ಮಾಡಿದ ಓಡಾಟ, ಕರೆದ ನೆಂಟರು, ನಾಳೆ ಊರಿನವರ ಮಾತು, ಎಲ್ಲವೂ ಆ ಮುಖದಲ್ಲಿತ್ತು.

"ಪದಗಳಿಗೂ ಸಂಬಂಧ ನೋಡ್ತೀರಾ?" ಎಂದರು ಕೊನೆಗೆ. "ಅವಕ್ಕೂ ಜಾತಕ ಐತಾ?"

ನಾನು ಫಾರಂ ಮಡಿಚಿ ಬ್ಯಾಗಿಗೆ ಹಾಕತೊಡಗಿದೆ. ಆಗ ನನ್ನ ಹಿಂದಿನಿಂದ ಒಂದು ದನಿ ಬಂತು. ಯಾರದೆಂದು ನನಗೆ ಗೊತ್ತಾಗಲಿಲ್ಲ. ಅಷ್ಟು ದಿನದಲ್ಲಿ ಅದನ್ನು ಕೇಳಿದ್ದು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ.

"ಮೇಡಂ, ಎರಡೂ ಕೇಳಬಹುದಲ್ವಾ?"

ತಿರುಗಿ ನೋಡಿದೆ. ನನ್ನ ಸಹೋದ್ಯೋಗಿ ಎದ್ದು ನಿಂತಿದ್ದ. ಕಿವಿಯವರೆಗೂ ಕೆಂಪಾಗಿದ್ದ. ಕೈಯಲ್ಲಿ ಕೇಸರಿಬಾತಿನ ತಟ್ಟೆ ಇನ್ನೂ ಇತ್ತು.

ಎಲ್ಲರೂ ಹುಡುಗಿಯ ಕಡೆ ತಿರುಗಿದರು. ಅವಳು ಅವನನ್ನು ಚೆನ್ನಾಗಿ ನೋಡಿದಳು. ಕುರಿಗೆ ಲಸಿಕೆ ಹಾಕಿಸುವ ಮುಂಚೆ ಹೀಗೇ ನೋಡುತ್ತಾಳೋ ಏನೋ. "ಕುರಿ ವಾಸ್ನೆ ಆಯ್ತದಾ ನಿಮ್ಗೆ?" ಎಂದು ಕೇಳಿದಳು.

"ನಮ್ಮನೇಲೂ ಹದಿನಾಲ್ಕು ಅವೆ" ಎಂದ ಅವನು.

ಅಷ್ಟು ಸಾಕಾಯಿತು ಅಜ್ಜಿಗೆ. ಯಾವೂರು, ಯಾರ ಮನೆ, ನಿಮ್ಮಮ್ಮನ ತವರು ಯಾವುದು ಎಂದು ಶುರು ಮಾಡಿದವರು ಹತ್ತು ನಿಮಿಷದಲ್ಲಿ, ಅವನ ಸೋದರತ್ತೆಯನ್ನು ಕೊಟ್ಟ ಮನೆಗೂ ತಮ್ಮ ತವರಿಗೂ ಇರುವ ನಂಟನ್ನು ಎಳೆದು ತಂದು ಅಂಗಳದಲ್ಲಿ ನಿಲ್ಲಿಸಿದರು. ನಾನು ಆರು ತಿಂಗಳು ಫಾರಂ ತುಂಬಿ ಅಷ್ಟು ಸಂಬಂಧ ಕಂಡುಹಿಡಿದಿರಲಿಲ್ಲ. ಕುರ್ಚಿ ತಳ್ಳಿದವರು ಮತ್ತೆ ಅದನ್ನು ಮುಂದಕ್ಕೆ ಎಳೆದುಕೊಂಡರು. ಇನ್ನೊಂದು ಸುತ್ತು ಕೇಸರಿಬಾತು ಬಂತು.

"ಉಣ್ಣೆ?" ಎಂದು ನಾನು ಮೆಲ್ಲಗೆ ಕೇಳಿದೆ.

"ಉಣ್ಣೆ ಎಲ್ಲಿಗೂ ಓಡೋಗಾಕಿಲ್ಲ, ಕುಂತ್ಕೊ" ಎಂದರು ಅಜ್ಜಿ.

ಅವನ ತಾಯಿ ಬಂದು ನೋಡಿದರು, ಇವರು ಹೋಗಿ ನೋಡಿದರು. ಹುಡುಗ ಹುಡುಗಿ ಎರಡು ತಿಂಗಳು ಫೋನಿನಲ್ಲಿ ಮಾತಾಡಿಕೊಂಡರು. ಅವನು ಅಷ್ಟು ಹೊತ್ತು ಏನು ಮಾತಾಡಿದನೋ ನನಗಿನ್ನೂ ತಿಳಿಯದು. ಕನಕಪುರದ ಒಂದು ಛತ್ರದಲ್ಲಿ ಮದುವೆ ಆಯಿತು. ಸಂಪಾದಕರು ಬಂದು ಅಕ್ಷತೆ ಹಾಕಿ, ಮಂತ್ರದಲ್ಲಿ ಪುರೋಹಿತರು ಮಾಡಿದ ಎರಡು ತಪ್ಪು ತಿದ್ದಿ ಹೋದರು.

ಅಜ್ಜಿ ಮಾತ್ರ ನನ್ನ ಕೈ ಬಿಡಲಿಲ್ಲ. ಊಟದ ಮನೆಯಲ್ಲಿ ಸಾಲುಸಾಲು ನೆಂಟರ ಮುಂದೆ ನಿಲ್ಲಿಸಿ ಪರಿಚಯ ಮಾಡಿಕೊಟ್ಟರು. "ಇವ್ರೇ ಕಣವ್ವಾ ಸಂಬಂಧ ಕೂಡ್ಸಿದ ಮೇಡಮ್ಮು. ಬಲೇ ಒಳ್ಳೇ ಬ್ರೋಕರಮ್ಮ. ಕಮಿಷನ್ನು ಕೇಳಾಕಿಲ್ಲ, ಏನೂ ಕೇಳಾಕಿಲ್ಲ. ನಾಕು ಮಾತು ಬರ್ಕೊಂಡು ಹೊಂಟೋಯ್ತಾರೆ, ಅಷ್ಟೇಯ."

ಕೈ ತೊಳೆದು ಬರುವಷ್ಟರಲ್ಲಿ ನನ್ನ ಬ್ಯಾಗಿನೊಳಗೆ ಮೂರು ಜಾತಕ ಬಿದ್ದಿದ್ದವು.